ಚುನಾಯಿತರು ಹೊರಗೆ, ಆಡಳಿತಾಧಿಕಾರಿ ಒಳಗೆ: ಆಸ್ಟ್ರೇಲಿಯಾದ ಸಿಎಫ್‌ಎಂಇಯು ವಿವಾದ – ಪದೇ ಪದೇ ಕೇಳುವ ಪ್ರಶ್ನೆಗಳು

ಏನಿದು ವಿವಾದ? ಚುಟುಕಾಗಿ ಹೇಳಿ.

2024ರ ಆಗಸ್ಟ್ 23ರಂದು ಆಸ್ಟ್ರೇಲಿಯಾದ ಕಟ್ಟಡ ಕಾರ್ಮಿಕರ ಅತಿ ಬಲಿಷ್ಠ ಸಂಘವಾದ ಸಿಎಫ್‌ಎಂಇಯುನ ನಿರ್ಮಾಣ ವಿಭಾಗವನ್ನು ಫೆಡರಲ್ ಸರ್ಕಾರ ಆಡಳಿತಾಧಿಕಾರಿಯ ಕೈಗೆ ಒಪ್ಪಿಸಿತು. ಸುಮಾರು 270 ಹುದ್ದೆಗಳು ಒಂದೇ ದಿನ ತೆರವಾದವು. ಆಡಳಿತಾಧಿಕಾರಿಯಾಗಿ ಬಂದವರು ಮಾರ್ಕ್ ಇರ್ವಿಂಗ್ ಎಂಬ ಹಿರಿಯ ವಕೀಲರು. ಇದಕ್ಕೆಂದೇ ಸಂಸತ್ತು ಹೊಸ ಕಾನೂನು ಮಾಡಿತ್ತು. ಕಾನೂನು ತಂದದ್ದು ಕಾರ್ಮಿಕ ಸಂಘಗಳ ಹೊಟ್ಟೆಯಲ್ಲೇ ಹುಟ್ಟಿದ ಲೇಬರ್ ಪಕ್ಷ. ಚರ್ಚೆ ಇಷ್ಟು ಕಾವೇರಲು ಅದೇ ಮುಖ್ಯ ಕಾರಣ.

ಈ ಸಂಘಕ್ಕೆ ಅಷ್ಟೊಂದು ಬಲ ಎಲ್ಲಿಂದ ಬಂತು?

ಕಟ್ಟಡದ ಕೆಲಸದ ಸ್ವಭಾವದಿಂದಲೇ ಬಂತು. ಕಾಂಕ್ರೀಟ್ ಹಾಕುವ ದಿನವನ್ನು ಊಹಿಸಿಕೊಳ್ಳಿ. ಮಿಕ್ಸರ್ ಲಾರಿಗಳು ಬೆಳಗಿನಿಂದಲೇ ಸಾಲುಗಟ್ಟಿರುತ್ತವೆ. ಪಂಪು, ಕ್ರೇನುಗಳ ಬಾಡಿಗೆ ಏರುತ್ತಿರುತ್ತದೆ. ಪ್ಲಾಂಟಿನಲ್ಲಿ ಕಲಸಿದ ಕಾಂಕ್ರೀಟನ್ನು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಸುರಿದು ಮುಗಿಸಬೇಕು. ಅರ್ಧ ಸ್ಲ್ಯಾಬ್ ಹಾಕಿ ನಿಲ್ಲಿಸಿದರೆ ಹಳೆಯದೂ ಹೊಸದೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಆ ಜಾಯಿಂಟು ಕಟ್ಟಡಕ್ಕೆ ಶಾಶ್ವತ ದೌರ್ಬಲ್ಯ. ಅಂಥ ಹೊತ್ತಿನಲ್ಲಿ ಸಂಘದ ಪ್ರತಿನಿಧಿ ಬಂದು "ಸೆಂಟ್ರಿಂಗ್ ಭದ್ರವಾಗಿಲ್ಲ, ಕೆಲಸ ನಿಲ್ಲಿಸಿ" ಅಂದರೆ ಗುತ್ತಿಗೆದಾರ ಏನು ಮಾಡಬೇಕು?

ಆ ಮಾತು ನಿಜವಾಗಿದ್ದರೆ ಕೆಳಗೆ ಕೆಲಸ ಮಾಡುವವರ ಜೀವ ಉಳಿಯಿತು. ಸುಳ್ಳಾಗಿದ್ದರೆ ಅದು ಸುಲಿಗೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಈ ವಿವಾದದ ಬಗ್ಗೆ ಏನೇ ಓದಿದರೂ ಈ ಒಂದು ಸಂಗತಿ ತಲೆಯಲ್ಲಿರಲಿ. ಸುರಕ್ಷತೆ ಕಾಯಲು ಕೊಟ್ಟ ಅಧಿಕಾರವೇ ದುಡ್ಡು ಕೀಳುವ ಅಧಿಕಾರವೂ ಆಗಬಲ್ಲದು. ಎರಡನೆಯದನ್ನು ತಡೆಯುವ ಭರದಲ್ಲಿ ಮೊದಲನೆಯದನ್ನು ಕಿತ್ತುಕೊಂಡರೆ ಮೇಲಿನಿಂದ ಬೀಳುವವನು ಕೂಲಿಯವನೇ.

ಹಾಗಾದರೆ ಸಂಘ ಒಳ್ಳೆಯ ಕೆಲಸವನ್ನೂ ಮಾಡಿದೆಯೇ?

ಖಂಡಿತ ಮಾಡಿದೆ. ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲನ್ನು ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ತಿನ್ನುತ್ತದೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಪ್ರಾಯದ ಹುಡುಗರೇ ಉಸಿರಾಡಲು ಒದ್ದಾಡುವ ಸ್ಥಿತಿಗೆ ಬಂದಾಗ ಆ ಕಲ್ಲನ್ನೇ ನಿಷೇಧಿಸಬೇಕೆಂದು ಮುಂಚೂಣಿಯಲ್ಲಿ ನಿಂತು ಹೋರಾಡಿದ್ದು ಇದೇ ಸಿಎಫ್‌ಎಂಇಯು. ಸರ್ಕಾರ ಮಾಡದಿದ್ದರೆ ನಮ್ಮ ಸದಸ್ಯರೇ ಆ ಕಲ್ಲನ್ನು ಮುಟ್ಟುವುದಿಲ್ಲ ಎಂದು ಗಡುವನ್ನೂ ಕೊಟ್ಟಿತ್ತು. 2024ರ ಜುಲೈ 1ರಿಂದ ಆಸ್ಟ್ರೇಲಿಯಾ ಅದನ್ನು ನಿಷೇಧಿಸಿತು. ಇಂಥ ಕ್ರಮ ಕೈಗೊಂಡ ಮೊದಲ ದೇಶ ಅದು.

ಆ ನಿಷೇಧ ಜಾರಿಯಾದ ಎರಡೇ ವಾರದೊಳಗೆ ಸಂಘದ ಮೇಲೆ ಹಗರಣ ಸಿಡಿಯಿತು. ಗೆದ್ದ ತಿಂಗಳಲ್ಲೇ ಮಾನ ಹೋಯಿತು.

ಆರೋಪಗಳೇನು?

2024ರ ಜುಲೈ ಮಧ್ಯದಲ್ಲಿ 'ದಿ ಏಜ್', 'ಸಿಡ್ನಿ ಮಾರ್ನಿಂಗ್ ಹೆರಾಲ್ಡ್', 'ಆಸ್ಟ್ರೇಲಿಯನ್ ಫೈನಾನ್ಷಿಯಲ್ ರಿವ್ಯೂ' ಪತ್ರಿಕೆಗಳು ಮತ್ತು '60 ಮಿನಿಟ್ಸ್' ಟಿವಿ ಕಾರ್ಯಕ್ರಮ ಸೇರಿ ತನಿಖಾ ವರದಿಗಳ ಸರಣಿಯನ್ನೇ ಹೊರತಂದವು. ಬೈಕ್ ಗ್ಯಾಂಗುಗಳ ನಂಟಿರುವವರು, ಭೂಗತ ಲೋಕದವರು ವಿಕ್ಟೋರಿಯಾ ರಾಜ್ಯದ ಸರ್ಕಾರಿ ಕಾಮಗಾರಿಗಳಲ್ಲಿ ಸಂಘದ ಪ್ರತಿನಿಧಿಗಳಾಗಿ ಸೇರಿಕೊಂಡಿದ್ದಾರೆ, ತಮಗೆ ಬೇಕಾದ ಕಂಪನಿಗಳಿಗೆ ಮಾತ್ರ ಗುತ್ತಿಗೆ ಸಿಗುವಂತೆ ಒತ್ತಡ ಹೇರುತ್ತಾರೆ, ಒಪ್ಪದವರನ್ನು ಬೆದರಿಸುತ್ತಾರೆ ಎಂಬುದು ಆ ವರದಿಗಳ ತಿರುಳು.

2012ರಿಂದ ವಿಕ್ಟೋರಿಯಾ ಶಾಖೆಯ ಕಾರ್ಯದರ್ಶಿಯಾಗಿದ್ದ ಜಾನ್ ಸೆಟ್ಕಾ ವರದಿ ಪ್ರಕಟವಾಗುವ ಮುನ್ನವೇ, ಜುಲೈ 12ರಂದು, ರಾಜೀನಾಮೆ ಕೊಟ್ಟರು. ಅದಕ್ಕೆ ಕೆಲವೇ ವಾರಗಳ ಹಿಂದೆ ಅವರು ಇನ್ನೊಂದು ಕಾರಣಕ್ಕೆ ಸುದ್ದಿಯಾಗಿದ್ದರು. ನಿರ್ಮಾಣ ಕ್ಷೇತ್ರದ ಸರ್ಕಾರಿ ಕಾವಲು ಸಂಸ್ಥೆಯ ಮಾಜಿ ಮುಖ್ಯಸ್ಥರೊಬ್ಬರು ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನಲ್ಲಿ ಕೆಲಸಕ್ಕಿದ್ದರು. ಅವರನ್ನು ತೆಗೆಯದಿದ್ದರೆ ಲೀಗಿನ ಕಾಮಗಾರಿಗಳಿಗೆ ತೊಂದರೆ ಕೊಡುತ್ತೇವೆ ಎಂದು ಸೆಟ್ಕಾ ಬಹಿರಂಗವಾಗಿಯೇ ಹೇಳಿದ್ದರು. ಕಾರ್ಮಿಕರ ಒಗ್ಗಟ್ಟು ಒಬ್ಬರ ವೈಯಕ್ತಿಕ ಹಗೆ ತೀರಿಸಲು ಬಳಕೆಯಾಗುವ ಮಟ್ಟಕ್ಕೆ ಬಂದಿತ್ತು ಎಂಬುದಕ್ಕೆ ನನ್ನ ಮಟ್ಟಿಗೆ ಇಷ್ಟು ಸಾಕ್ಷಿ ಸಾಕು.

ಅಪರಾಧ ನಡೆದಿದ್ದರೆ ಪೊಲೀಸರು ನೋಡಿಕೊಳ್ಳಬಹುದಿತ್ತಲ್ಲ? ಸರ್ಕಾರ ಯಾಕೆ ತಲೆ ಹಾಕಬೇಕಿತ್ತು?

ಬಹಳ ಜನ ಕೇಳುವ ಪ್ರಶ್ನೆ. ಕೇಳಲೇಬೇಕಾದದ್ದೂ ಹೌದು. ಪೊಲೀಸರು ಒಬ್ಬೊಬ್ಬ ಆರೋಪಿಯನ್ನು ಹಿಡಿದು ಕೋರ್ಟಿಗೆ ತರಬಲ್ಲರು. ಆದರೆ ಹೆದರಿಕೆಯಿಂದ ಬಾಯಿ ಬಿಡದ ಸಾಕ್ಷಿಗಳು, ಸಭೆಯಲ್ಲಿ ಎದ್ದು ನಿಲ್ಲಲು ಅಂಜುವ ಸದಸ್ಯರು, ತಮ್ಮವರನ್ನೇ ನೇಮಿಸಿಕೊಳ್ಳುವ ಪದಾಧಿಕಾರಿಗಳು – ಇದನ್ನೆಲ್ಲ ಎಫ್‌ಐಆರ್ ಹಾಕಿ ಸರಿಪಡಿಸಲಾಗದು. ಸಂಘದ ರಾಷ್ಟ್ರೀಯ ಕಚೇರಿಯೇ ಜುಲೈ 15ರಂದು ವಿಕ್ಟೋರಿಯಾ ಶಾಖೆಯನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಅದೇ ಸಂಘದವರು ಅದೇ ಸಂಘವನ್ನು ತೊಳೆಯುತ್ತಾರೆ ಎಂದರೆ ಹೊರಗಿನವರು ನಂಬಲಿಲ್ಲ. ಆಸ್ಟ್ರೇಲಿಯಾದ ಸಂಘಗಳ ಒಕ್ಕೂಟ ಎಸಿಟಿಯು ಕೂಡ ನಂಬದೆ, ಜುಲೈ 17ರಂದು ನಿರ್ಮಾಣ ವಿಭಾಗವನ್ನು ಅಮಾನತು ಮಾಡಿತು.

ಹಾಗಾಗಿ ಹಸ್ತಕ್ಷೇಪ ಬೇಕಿತ್ತೇ ಎಂದು ಕೇಳಿದರೆ ಬೇಕಿತ್ತು ಎಂದೇ ಹೇಳುತ್ತೇನೆ. ಜಗಳ ಇರುವುದು ಅದನ್ನು ಮಾಡಿದ ರೀತಿಯ ಬಗ್ಗೆ, ಮತ್ತು ಮುಂದೆ ಅದನ್ನು ಮುಗಿಸುವ ರೀತಿಯ ಬಗ್ಗೆ.

ಕೋರ್ಟಿನ ಮೂಲಕ ಮಾಡಲು ದಾರಿ ಇರಲಿಲ್ಲವೇ?

ಇತ್ತು. ಸಂಘಗಳ ನೋಂದಣಿಗೆ ಸಂಬಂಧಿಸಿದ 2009ರ ಕಾನೂನಿನಲ್ಲೇ, ಒಂದು ಸಂಘ ಪರಿಣಾಮಕಾರಿಯಾಗಿ ಕೆಲಸ ಮಾಡುವುದನ್ನು ನಿಲ್ಲಿಸಿದ್ದರೆ ಫೆಡರಲ್ ಕೋರ್ಟ್ ಆಡಳಿತಾಧಿಕಾರಿಯನ್ನು ನೇಮಿಸಬಹುದು ಎಂಬ ಅವಕಾಶವಿದೆ. ಅಂದಿನ ಉದ್ಯೋಗ ಸಚಿವ ಟೋನಿ ಬರ್ಕ್ ಮೊದಲು ಹಿಡಿದದ್ದು ಅದೇ ದಾರಿ. ಕಾರ್ಮಿಕ ವ್ಯವಹಾರ ನೋಡಿಕೊಳ್ಳುವ ಸಂಸ್ಥೆಯಾದ ಫೇರ್ ವರ್ಕ್ ಕಮಿಷನ್ನಿನ ಜನರಲ್ ಮ್ಯಾನೇಜರ್ ಮರ್ರೆ ಫರ್ಲಾಂಗ್ ಆಗಸ್ಟ್ ಆರಂಭದಲ್ಲಿ ಕೋರ್ಟಿಗೆ ಅರ್ಜಿಯನ್ನೂ ಹಾಕಿದರು. ಸಂಘ ಒಪ್ಪಲಿಲ್ಲ. ಒಪ್ಪದಿದ್ದರೆ ವಿಚಾರಣೆ ಎಷ್ಟು ದಿನ ಎಳೆಯುತ್ತದೋ ಹೇಳಲಾಗದು.

ಅಷ್ಟರಲ್ಲಿ ಖಾತೆ ಮರ್ರೆ ವಾಟ್ ಅವರ ಕೈಗೆ ಬಂದಿತ್ತು. ಆಗಸ್ಟ್ 12ರಂದು ಅವರು ಮಸೂದೆ ಮಂಡಿಸಿದರು. 19ಕ್ಕೆ ಸೆನೆಟ್, 20ಕ್ಕೆ ಕೆಳಮನೆ, 22ಕ್ಕೆ ಅಂಕಿತ. ಹತ್ತೇ ದಿನದಲ್ಲಿ ಎಲ್ಲ ಮುಗಿಯಿತು. ಈ ಅವಸರದ ಬಗ್ಗೆ ನನಗೆ ತಕರಾರಿದೆ. ಕೋರ್ಟಿನಲ್ಲಾಗಿದ್ದರೆ ಯಾರು ತಪ್ಪು ಮಾಡಿದ್ದಾರೆ, ಯಾರು ಮಾಡಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾಗುತ್ತಿತ್ತು. ಕಾನೂನು ಆ ಗೋಜಿಗೇ ಹೋಗಲಿಲ್ಲ. ವಿಕ್ಟೋರಿಯಾದಲ್ಲಿ ಭುಗಿಲೆದ್ದ ಆರೋಪಕ್ಕೆ ಇತರ ರಾಜ್ಯಗಳ ಶಾಖೆಗಳೂ ಒಂದೇ ಏಟಿಗೆ ಸಿಕ್ಕಿಕೊಂಡವು. ತನ್ನ ಮೇಲೆ ಒಂದೇ ಒಂದು ದೂರಿಲ್ಲದ ಪದಾಧಿಕಾರಿಯೂ ಮನೆಗೆ ಹೋಗಬೇಕಾಯಿತು. ಸದಸ್ಯರು ಓಟು ಹಾಕಿ ಕೂರಿಸಿದವರನ್ನು ತೆಗೆಯುವಾಗ ಒಬ್ಬೊಬ್ಬರ ಅಹವಾಲನ್ನಾದರೂ ಕೇಳಬೇಕಿತ್ತು.

ಆಡಳಿತಾಧಿಕಾರಿಗೆ ಏನೇನು ಅಧಿಕಾರವಿದೆ?

ಸಂಘದ ಹಣ, ಕಚೇರಿ, ಸಿಬ್ಬಂದಿ ಎಲ್ಲವೂ ಅವರ ಕೈಯಲ್ಲಿ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂಬ ತೀರ್ಮಾನವೂ ಅವರದೇ. ತನಿಖೆ ಮಾಡಿಸಬಹುದು. ಖರ್ಚು ಸಂಘದ ನಿಧಿಯಿಂದಲೇ ಹೋಗುತ್ತದೆ, ಅಂದರೆ ಸದಸ್ಯರ ಚಂದಾ ಹಣದಿಂದ.

ವಿರೋಧ ಪಕ್ಷದ ಬೆಂಬಲ ಪಡೆಯಲು ಸರ್ಕಾರ ಮಸೂದೆಯನ್ನು ಇನ್ನಷ್ಟು ಬಿಗಿ ಮಾಡಿತು. ಆಡಳಿತ ಕನಿಷ್ಠ 3 ವರ್ಷ, ಗರಿಷ್ಠ 5 ವರ್ಷ. ಆ ಅವಧಿಯಲ್ಲಿ ರಾಜಕೀಯ ದೇಣಿಗೆ ಕೊಡುವಂತಿಲ್ಲ. ಆಡಳಿತಾಧಿಕಾರಿ ಸಂಸತ್ತಿಗೆ ವರದಿ ಒಪ್ಪಿಸುತ್ತಿರಬೇಕು. ಈ ಕೊನೆಯದು ಒಳ್ಳೆಯ ಷರತ್ತು. ಆದರೆ ಕನಿಷ್ಠ ಅವಧಿ ಎಂಬುದು ನನಗೆ ಸರಿಯೆನಿಸದು. ಮನೆ ಎರಡೇ ವರ್ಷದಲ್ಲಿ ಶುಚಿಯಾದರೆ ಮೂರನೇ ವರ್ಷವೂ ಯಜಮಾನನನ್ನು ಹೊರಗೆ ನಿಲ್ಲಿಸುವುದೇಕೆ?

ಆರೋಪಗಳು ನಿಜವೆಂದು ಆಮೇಲೆ ಕಂಡುಬಂತೇ?

ಇರ್ವಿಂಗ್ ಅವರು ಭ್ರಷ್ಟಾಚಾರ ವಿರೋಧಿ ಕೆಲಸದಲ್ಲಿ ಹೆಸರಾದ ವಕೀಲ ಜೆಫ್ರಿ ವಾಟ್ಸನ್ ಅವರಿಂದ ತನಿಖೆ ಮಾಡಿಸಿದರು. ವಿಕ್ಟೋರಿಯಾ ಶಾಖೆ ಕಾನೂನಿನ ಹಿಡಿತ ತಪ್ಪಿ ಹೋಗಿತ್ತು, ಕ್ರಿಮಿನಲ್ ಹಿನ್ನೆಲೆಯವರಿಗೆ ಅಲ್ಲಿ ಜಾಗ ಸಿಕ್ಕಿತ್ತು ಎಂಬ ಚಿತ್ರವನ್ನೇ ಅವರು ಕೊಟ್ಟರು. 2025ರ ಜುಲೈನಲ್ಲಿ ಹೊರಬಂದ ಅವರ ಇನ್ನೊಂದು ವರದಿ ಕ್ವೀನ್ಸ್‌ಲ್ಯಾಂಡ್ ಶಾಖೆಯಲ್ಲಿದ್ದ ಬೆದರಿಕೆ, ಹಿಂಸೆಯ ವಾತಾವರಣವನ್ನು ವಿವರಿಸಿತು. ಅದರ ಬೆನ್ನಿಗೇ ಕ್ವೀನ್ಸ್‌ಲ್ಯಾಂಡ್ ಸರ್ಕಾರ ವಿಚಾರಣಾ ಆಯೋಗ ಘೋಷಿಸಿತು. ಹಾಗಾಗಿ "ಇದೆಲ್ಲ ಮಾಧ್ಯಮಗಳ ಕಟ್ಟುಕತೆ" ಎನ್ನುವವರ ಮಾತು ನಿಲ್ಲುವುದಿಲ್ಲ. ವರದಿ ಬೇರೆ, ಕೋರ್ಟಿನ ತೀರ್ಪು ಬೇರೆ ಎಂಬುದನ್ನೂ ಮರೆಯಬಾರದು.

ನೋಂದಣಿಯನ್ನೇ ರದ್ದು ಮಾಡಿ ಕೈ ತೊಳೆದುಕೊಳ್ಳಬಹುದಿತ್ತಲ್ಲ?

ವಿರೋಧ ಪಕ್ಷದ ನಾಯಕರಾಗಿದ್ದ ಪೀಟರ್ ಡಟ್ಟನ್ ಕೇಳಿದ್ದು ಅದನ್ನೇ. ಇದನ್ನು ಒಮ್ಮೆ ಮಾಡಿ ನೋಡಿದ ಅನುಭವ ಆಸ್ಟ್ರೇಲಿಯಾಕ್ಕಿದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು.

ನಾರ್ಮ್ ಗ್ಯಾಲಗರ್ ಮುಂದಾಳತ್ವದ ಬಿಲ್ಡರ್ಸ್ ಲೇಬರರ್ಸ್ ಫೆಡರೇಷನ್, ಅಂದರೆ ಬಿಎಲ್‌ಎಫ್, 1986ರಲ್ಲಿ ನೋಂದಣಿ ಕಳೆದುಕೊಂಡಿತು. ಆಗಲೂ ಕೇಂದ್ರದಲ್ಲಿದ್ದದ್ದು ಲೇಬರ್ ಪಕ್ಷವೇ. ಪ್ರಧಾನಿ ಬಾಬ್ ಹಾಕ್ ಸ್ವತಃ ಎಸಿಟಿಯು ಅಧ್ಯಕ್ಷರಾಗಿದ್ದವರು. ಮೆಲ್ಬರ್ನ್‌ನ ಕಾಮಗಾರಿಗಳ ಗೇಟಿನಲ್ಲಿ ಪೊಲೀಸರು ನಿಂತರು. ಬಿಎಲ್‌ಎಫ್ ಬಿಟ್ಟು ಬೇರೆ ಸಂಘಕ್ಕೆ ಸಹಿ ಹಾಕಿದವರಿಗೆ ಮಾತ್ರ ಒಳಗೆ ಕೆಲಸ. 1987ರಲ್ಲಿ ವಿಕ್ಟೋರಿಯಾ ಪೊಲೀಸರು ಸಂಘದ ಕಚೇರಿಗೇ ನುಗ್ಗಿ ಆಸ್ತಿ ವಶಪಡಿಸಿಕೊಂಡರು. ಸಂಘದ ಬೋರ್ಡು ಕೆಳಗಿಳಿಯಿತು, ಸದಸ್ಯರು ಬೇರೆ ಸಂಘಗಳಿಗೆ ಚದುರಿದರು, ಕೊನೆಗೆ 1994ರಲ್ಲಿ ವಿಕ್ಟೋರಿಯಾದ ಉಳಿದ ಬಿಎಲ್‌ಎಫ್ ಬಂದು ಸೇರಿದ್ದು ಇದೇ ಸಿಎಫ್‌ಎಂಇಯು ಬಳಗವನ್ನು. ಸಂಘವನ್ನು ಅಳಿಸಿದರೂ ಅದರ ರೂಢಿ ಅಳಿಯಲಿಲ್ಲ.

ಇನ್ನೊಂದು ಮಾತೂ ಇದೆ. ನೋಂದಣಿ ರದ್ದಾದರೆ ಸಂಘ ಹಕ್ಕುಗಳ ಜೊತೆಗೆ ಹೊಣೆಗಳನ್ನೂ ಕಳಚಿಕೊಳ್ಳುತ್ತದೆ. ಲೆಕ್ಕಪತ್ರ ಸಲ್ಲಿಸುವುದು, ನಿಯಮದಂತೆ ಚುನಾವಣೆ ನಡೆಸುವುದು ಯಾವುದೂ ಇರುವುದಿಲ್ಲ. ಗೂಂಡಾಗಳ ಕಾಟವಿದೆ ಎಂದು ದೂರಿ, ಕಾನೂನಿನ ಕಣ್ಣಿನಿಂದಲೇ ಅವರನ್ನು ದೂರ ಕಳಿಸಿದ ಹಾಗೆ. ಈ ಒಂದು ವಿಷಯದಲ್ಲಿ ಸರ್ಕಾರದ ವಾದವೇ ಗಟ್ಟಿ.

ವಿರೋಧ ಪಕ್ಷ ತಾನು ಅಧಿಕಾರದಲ್ಲಿದ್ದಾಗ ಏನು ಮಾಡಿತ್ತು?

ಲಿಬರಲ್-ನ್ಯಾಷನಲ್ ಮೈತ್ರಿಕೂಟ ನೆಚ್ಚಿಕೊಂಡಿದ್ದು ಎಬಿಸಿಸಿ ಎಂಬ ನಿರ್ಮಾಣ ಕ್ಷೇತ್ರದ ಕಾವಲು ಸಂಸ್ಥೆಯನ್ನು. 2005ರಲ್ಲಿ ಹೋವರ್ಡ್ ಸರ್ಕಾರ ಅದನ್ನು ಕಟ್ಟಿತು, 2012ರಲ್ಲಿ ಲೇಬರ್ ಕೆಡವಿತು, 2016ರಲ್ಲಿ ಟರ್ನ್‌ಬುಲ್ ಸರ್ಕಾರ ಮತ್ತೆ ಎಬ್ಬಿಸಿತು, 2023ರಲ್ಲಿ ಲೇಬರ್ ಮತ್ತೆ ಮುಚ್ಚಿತು. 2016ರಲ್ಲಂತೂ ಇದೇ ಮಸೂದೆಯ ನೆಪದಲ್ಲಿ ಸಂಸತ್ತಿನ ಎರಡೂ ಮನೆ ವಿಸರ್ಜನೆಯಾಗಿ ಚುನಾವಣೆ ನಡೆದಿತ್ತು. ಸಂಘಗಳ ಪದಾಧಿಕಾರಿಗಳನ್ನು ಅನರ್ಹಗೊಳಿಸುವುದನ್ನು ಸುಲಭ ಮಾಡುವ ಇನ್ನೊಂದು ಮಸೂದೆ 2019ರ ನವೆಂಬರಿನಲ್ಲಿ ಸೆನೆಟ್ಟಿನಲ್ಲಿ ಸಮಸಮ ಮತ ಬಿದ್ದು ಸೋತಿತು.

ಎಬಿಸಿಸಿ ಇದ್ದ ವರ್ಷಗಳಲ್ಲಿ ಸಂಘದ ಮೇಲೆ ದಂಡದ ಮೇಲೆ ದಂಡ ಬಿತ್ತು. ಸಂಘ ಅದನ್ನು ವ್ಯವಹಾರದ ಖರ್ಚೆಂಬಂತೆ ಕಟ್ಟಿಕೊಂಡು ಹೋಯಿತು. ಸೆಟ್ಕಾ ಆ ಕಾಲದಲ್ಲೂ ವಿಕ್ಟೋರಿಯಾದ ಗದ್ದುಗೆಯಲ್ಲೇ ಇದ್ದರು. "ಎಬಿಸಿಸಿ ಮುಚ್ಚಿದ್ದಕ್ಕೇ ಹೀಗಾಯಿತು" ಎನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಲೇಬರ್ ಪಕ್ಷಕ್ಕೆ ಇದೆಲ್ಲ ಮುಂಚೆ ಗೊತ್ತಿರಲಿಲ್ಲವೇ?

ಪ್ರಧಾನಿ ಆಂಥನಿ ಆಲ್ಬನೀಸ್ ತಾವು ವಿರೋಧ ಪಕ್ಷದ ನಾಯಕರಾಗಿದ್ದ 2019ರಲ್ಲೇ ಸೆಟ್ಕಾ ಅವರನ್ನು ಪಕ್ಷದಿಂದ ಹೊರಹಾಕಲು ಹೊರಟಿದ್ದರು. ಸೆಟ್ಕಾ ತಾವೇ ಪಕ್ಷ ಬಿಟ್ಟರು. ಆದರೆ ಸಂಘದ ದೇಣಿಗೆ, ಪಕ್ಷದ ಸಮ್ಮೇಳನದಲ್ಲಿ ಅದರ ಓಟು ಉಳಿದವು. 2024ರ ಜುಲೈನಲ್ಲಿ ಹಗರಣ ಬಯಲಾದ ಮೇಲಷ್ಟೇ ಪಕ್ಷ ಹಲವು ರಾಜ್ಯಗಳಲ್ಲಿ ನಿರ್ಮಾಣ ವಿಭಾಗಕ್ಕೂ ತನಗೂ ಇದ್ದ ಅಧಿಕೃತ ನಂಟನ್ನು ಅಮಾನತಿನಲ್ಲಿಟ್ಟಿತು. ವಿಕ್ಟೋರಿಯಾದ ಮುಖ್ಯಮಂತ್ರಿ ಜಸಿಂತಾ ಆಲನ್ ಅದಕ್ಕೂ ಮುಂಚೆ ವರ್ಷಗಟ್ಟಲೆ ಇದೇ ಬೃಹತ್ ಸಾರಿಗೆ ಕಾಮಗಾರಿಗಳ ಸಚಿವೆಯಾಗಿದ್ದವರು. ಕಾಮಗಾರಿ ನಿಲ್ಲಬಾರದು, ಗಡುವು ತಪ್ಪಬಾರದು ಎಂಬ ಆತುರವಿರುವ ಕಡೆ ಅಹಿತಕರ ದೂರುಗಳು ಮೇಲಕ್ಕೆ ಹೋಗುವುದಿಲ್ಲ.

ಬೀದಿಗಿಳಿದವರ ವಾದವೇನು?

2024ರ ಆಗಸ್ಟ್ 27ರಂದು ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್ ಮುಂತಾದ ನಗರಗಳಲ್ಲಿ ಸಾವಿರಾರು ಕಾರ್ಮಿಕರು ಕೆಲಸ ಬಿಟ್ಟು ಮೆರವಣಿಗೆ ಮಾಡಿದರು. ಎಲೆಕ್ಟ್ರಿಕಲ್ ಕೆಲಸಗಾರರ ಸಂಘವೂ ಜೊತೆಗಿತ್ತು. ಮಸೂದೆಯನ್ನು ವಿರೋಧಿಸಿದ್ದ ಗ್ರೀನ್ಸ್ ಪಕ್ಷದ ಅಂದಿನ ಸಂಸದ ಮ್ಯಾಕ್ಸ್ ಚಾಂಡ್ಲರ್-ಮಾದರ್ ಬ್ರಿಸ್ಬೇನ್ ಸಭೆಯಲ್ಲಿ ಮಾತಾಡಿದ್ದಕ್ಕೆ ಪ್ರಧಾನಿ ಸಿಡಿಮಿಡಿಗೊಂಡರು. ಮೆರವಣಿಗೆಯಲ್ಲಿದ್ದವರೆಲ್ಲ ಗೂಂಡಾಗಳ ಪರ ಎಂದು ಬಿಂಬಿಸಿದ್ದು ಅನ್ಯಾಯ. ಅವರ ಪ್ರಶ್ನೆ ನೇರವಾಗಿತ್ತು: ಬ್ಯಾಂಕಿನಲ್ಲಿ ಹಗರಣವಾದಾಗ ನಿರ್ದೇಶಕರನ್ನೆಲ್ಲ ಕಾನೂನು ಮಾಡಿ ಕಿತ್ತು ಹಾಕಿದ್ದೀರಾ?

ಹೈಕೋರ್ಟ್ ಏನು ಹೇಳಿತು?

ಆಸ್ಟ್ರೇಲಿಯಾದಲ್ಲಿ ಹೈಕೋರ್ಟೇ ಅತ್ಯುನ್ನತ ನ್ಯಾಯಾಲಯ. ಕ್ವೀನ್ಸ್‌ಲ್ಯಾಂಡ್ ಶಾಖೆಯ ಕಾರ್ಯದರ್ಶಿಯಾಗಿದ್ದ ಮೈಕೆಲ್ ರಾವ್‌ಬಾರ್ ಮತ್ತು ಇನ್ನೊಬ್ಬ ಪದಾಧಿಕಾರಿ ಕಾನೂನನ್ನು ಪ್ರಶ್ನಿಸಿದ್ದರು. ರಾಜಕೀಯ ಅಭಿವ್ಯಕ್ತಿಯ ಸ್ವಾತಂತ್ರ್ಯಕ್ಕೆ ಧಕ್ಕೆ, ನ್ಯಾಯಯುತ ಪರಿಹಾರವಿಲ್ಲದೆ ಆಸ್ತಿ ವಶ, ಕೋರ್ಟಿನ ಕೆಲಸವನ್ನು ಸಂಸತ್ತು ಮಾಡಿದ್ದು – ಇವು ಅವರ ಮುಖ್ಯ ವಾದಗಳು. 2025ರ ಜೂನ್ 18ರಂದು ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. 1986ರಲ್ಲಿ ಬಿಎಲ್‌ಎಫ್ ಕೂಡ ಇದೇ ಕೋರ್ಟಿನಲ್ಲಿ ಸೋತಿತ್ತು. ಕಾನೂನು ಸಂವಿಧಾನಬದ್ಧ ಎಂಬುದು ಇತ್ಯರ್ಥವಾಯಿತು. ಒಳ್ಳೆಯ ಕಾನೂನೇ ಎಂಬ ಪ್ರಶ್ನೆ ಕೋರ್ಟಿನದಲ್ಲ, ಅದು ಹಾಗೇ ಉಳಿದಿದೆ.

ಅಂತರರಾಷ್ಟ್ರೀಯ ನಿಯಮ ಇದಕ್ಕೆ ಅಡ್ಡ ಬರುವುದಿಲ್ಲವೇ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 87ನೇ ಒಪ್ಪಂದವನ್ನು ಆಸ್ಟ್ರೇಲಿಯಾ 1973ರಲ್ಲಿ ಅಂಗೀಕರಿಸಿದೆ. ಸಂಘಗಳು ತಮ್ಮ ಪ್ರತಿನಿಧಿಗಳನ್ನು ಪೂರ್ಣ ಸ್ವಾತಂತ್ರ್ಯದಿಂದ ಆರಿಸಿಕೊಳ್ಳಬೇಕು, ಸರ್ಕಾರ ಅದರಲ್ಲಿ ಕೈಯಾಡಿಸಬಾರದು ಎನ್ನುತ್ತದೆ ಅದರ 3ನೇ ವಿಧಿ. ವಿರೋಧಿಗಳ ಕೈಯಲ್ಲಿರುವ ಅತ್ಯಂತ ಗಟ್ಟಿಯಾದ ಆಧಾರ ಇದು. ಆದರೆ ಆಸ್ಟ್ರೇಲಿಯಾದ ಕೋರ್ಟುಗಳಲ್ಲಿ ಇಂಥ ಒಪ್ಪಂದ ನೇರವಾಗಿ ಜಾರಿಗೆ ಬರುವುದಿಲ್ಲ.

ಇಂಥ ಹಸ್ತಕ್ಷೇಪ ಬೇರೆಲ್ಲಾದರೂ ಫಲ ಕೊಟ್ಟಿದೆಯೇ?

ಆಸ್ಟ್ರೇಲಿಯಾದಲ್ಲೇ ಒಂದು ಉದಾಹರಣೆ ಇದೆ. ಆಸ್ಪತ್ರೆ ನೌಕರರ ಎಚ್‌ಎಸ್‌ಯು ಸಂಘದ ಪೂರ್ವ ಶಾಖೆಯಲ್ಲಿ ಹಣ ಲೂಟಿಯಾಗಿತ್ತು. 2012ರಲ್ಲಿ ಸಚಿವ ಬಿಲ್ ಶಾರ್ಟನ್ ಫೆಡರಲ್ ಕೋರ್ಟಿಗೆ ಹೋದರು. ಕೋರ್ಟ್ ನಿವೃತ್ತ ನ್ಯಾಯಾಧೀಶರೊಬ್ಬರನ್ನು ಆಡಳಿತಾಧಿಕಾರಿಯಾಗಿ ನೇಮಿಸಿತು. ತಿಂಗಳುಗಳಲ್ಲೇ ಶಾಖೆಯನ್ನು ವಿಂಗಡಿಸಿ ಚುನಾವಣೆ ನಡೆಸಿ ಸದಸ್ಯರಿಗೆ ಒಪ್ಪಿಸಲಾಯಿತು. ಹಳೆಯ ಮುಖಂಡ ಮೈಕೆಲ್ ವಿಲಿಯಮ್ಸನ್ 2014ರಲ್ಲಿ ಜೈಲಿಗೆ ಹೋದರು. ಕೋರ್ಟಿನ ದಾರಿಯೂ ಬೇಗ ಮುಗಿಯಬಲ್ಲದು ಎಂಬುದಕ್ಕೆ ನಾನು ಇದನ್ನೇ ತೋರಿಸುತ್ತೇನೆ.

ಅಮೆರಿಕದ ಟೀಮ್‌ಸ್ಟರ್ಸ್ ಕತೆ ಉದ್ದ. ಮಾಫಿಯಾ ಹಿಡಿತದಲ್ಲಿದ್ದ ಆ ಸಂಘ 1989ರಲ್ಲಿ ಸರ್ಕಾರದೊಂದಿಗೆ ರಾಜಿ ಒಪ್ಪಂದ ಮಾಡಿಕೊಂಡಿತು. 1991ರಲ್ಲಿ ಸದಸ್ಯರು ಮೊದಲ ಸಲ ತಮ್ಮ ಅಧ್ಯಕ್ಷರನ್ನು ನೇರವಾಗಿ ಆರಿಸಿದರು. 1996ರ ಚುನಾವಣೆ ಹಣದ ಅಕ್ರಮದಿಂದಾಗಿ ರದ್ದಾಯಿತು. ಆ ಒಪ್ಪಂದವನ್ನು ಕೊನೆಗೊಳಿಸಲು ಕಾಲು ಶತಮಾನ ಹಿಡಿಯಿತು.

ಕಾರು ಕಾರ್ಮಿಕರ ಯುಎಡಬ್ಲ್ಯು ಸಂಘದಲ್ಲಿ ಇಬ್ಬರು ಮಾಜಿ ಅಧ್ಯಕ್ಷರೇ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಮೇಲೆ 2021ರಲ್ಲಿ ಕೋರ್ಟಿನ ನಿಗಾ ಬಂತು. ಅಧ್ಯಕ್ಷರನ್ನು ನೇರವಾಗಿ ಆರಿಸಬೇಕೇ ಎಂದು ಸದಸ್ಯರನ್ನೇ ಕೇಳಲಾಯಿತು, ಅವರು ಹೌದೆಂದರು. 2023ರಲ್ಲಿ ಶಾನ್ ಫೇನ್ ಗೆದ್ದರು. ಅದೇ ವರ್ಷ ಡೆಟ್ರಾಯಿಟ್‌ನ ಮೂರು ದೊಡ್ಡ ಕಂಪನಿಗಳ ವಿರುದ್ಧ ಏಕಕಾಲಕ್ಕೆ ಮುಷ್ಕರ ಹೂಡಿ ದೊಡ್ಡ ಸಂಬಳ ಏರಿಕೆ ಪಡೆದರು. ಸರ್ಕಾರದ ಕೈ ಬಿದ್ದ ಸಂಘ ಹಲ್ಲಿಲ್ಲದ ಹಾವಾಗುತ್ತದೆ ಎಂಬ ಭಯ ಅಲ್ಲಿ ನಿಜವಾಗಲಿಲ್ಲ. ಯಾಕೆಂದರೆ ಶುದ್ಧೀಕರಣದ ಕೇಂದ್ರದಲ್ಲಿ ಸದಸ್ಯರ ಓಟಿತ್ತು.

ಕಂಪನಿಗಳ ಪಾತ್ರವೇನೂ ಇಲ್ಲವೇ?

ಎರಡೂ ಕೈ ಸೇರದೆ ಚಪ್ಪಾಳೆಯಾಗದು. ಲಂಚ ತಗೊಂಡವನಿದ್ದರೆ ಕೊಟ್ಟವನೂ ಇದ್ದಾನೆ. ಗಲಾಟೆಯಿಲ್ಲದೆ ಕೆಲಸ ಸಾಗಲಿ ಎಂದು ಕ್ರಿಮಿನಲ್ ಹಿನ್ನೆಲೆಯವರನ್ನು ಸಂಬಳಕ್ಕಿಟ್ಟುಕೊಂಡ ಗುತ್ತಿಗೆದಾರರಿದ್ದಾರೆ ಎಂದು ಅದೇ ಪತ್ರಿಕಾ ವರದಿಗಳು ಹೇಳಿದ್ದವು. 2024ರ ಕಾನೂನು ಅವರ ಒಂದು ಹುದ್ದೆಯನ್ನೂ ತೆರವು ಮಾಡಲಿಲ್ಲ. 270 ಪದಾಧಿಕಾರಿಗಳಿಗೆ ಹತ್ತು ದಿನ ಸಾಕಾಯಿತು, ಗುತ್ತಿಗೆ ಕಂಪನಿಗಳ ಆಡಳಿತ ಮಂಡಳಿಗಳ ಬಾಗಿಲನ್ನು ಯಾರೂ ತಟ್ಟಲಿಲ್ಲ. ಈ ಚರ್ಚೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಇದು.

ಸಾಮಾನ್ಯ ಸದಸ್ಯನಿಗೆ ಏನು ಬದಲಾಯಿತು?

ಸದಸ್ಯತ್ವ ಹಾಗೇ ಇದೆ. ಜಾರಿಯಲ್ಲಿದ್ದ ಸಂಬಳದ ಒಪ್ಪಂದಗಳೂ ಇವೆ. ಹೋದದ್ದು ತನ್ನ ಮುಖಂಡರನ್ನು ತಾನೇ ಆರಿಸುವ ಹಕ್ಕು, ಸದ್ಯಕ್ಕೆ.

ಮುಂದೆ ಯಾವುದರ ಮೇಲೆ ಕಣ್ಣಿಡಬೇಕು?

ಚುನಾವಣೆಯ ಮೇಲೆ. ಯಾವ ಶಾಖೆಯಲ್ಲಿ ಮೊದಲು, ಯಾರ ಮೇಲ್ವಿಚಾರಣೆಯಲ್ಲಿ, ಸ್ಪರ್ಧಿಸಲು ಯಾರಿಗೆ ಅವಕಾಶ ಎಂಬುದನ್ನು ಆಡಳಿತಾಧಿಕಾರಿ ಸಾಕಷ್ಟು ಮುಂಚೆಯೇ ಪ್ರಕಟಿಸಬೇಕು. ಹಳೆಯ ಗುಂಪೇ ಹೊಸ ಹೆಸರಿನಲ್ಲಿ ಗೆದ್ದು ಬಂದರೆ ಏನು ಗತಿ ಎಂದು ಕೇಳುವವರಿದ್ದಾರೆ. ಅದಕ್ಕೆ ಮದ್ದು ಚುನಾವಣೆಯನ್ನು ಮುಂದೂಡುವುದಲ್ಲ. ಗುಟ್ಟಾದ ಮತದಾನ, ಸದಸ್ಯರೆಲ್ಲರೂ ಓದಬಹುದಾದ ಲೆಕ್ಕಪತ್ರ, ದೂರು ಕೊಟ್ಟವನ ಕೆಲಸಕ್ಕೆ ರಕ್ಷಣೆ, ಇವು ಮೂರು ಚುನಾವಣೆಗೆ ಮುಂಚೆ ಜಾರಿಯಲ್ಲಿರಬೇಕು. ಇವುಗಳಲ್ಲಿ ಎಷ್ಟು ಆಗಿದೆ ಎಂಬುದನ್ನು ಆಡಳಿತಾಧಿಕಾರಿ ಸಂಸತ್ತಿಗೆ ಕೊಡುವ ವರದಿಗಳಲ್ಲಿ ಹುಡುಕಬಹುದು. ಅವು ಸಾರ್ವಜನಿಕ ದಾಖಲೆಗಳು, ಯಾರು ಬೇಕಾದರೂ ಓದಬಹುದು.